ಅಣ್ವಸ್ತ್ರದ ಕೀಲಿ ಯಾರ ಕೈಯಲ್ಲಿ, ಲೆಕ್ಕ ಯಾರಿಗೆ?

ಎಂಡ್‌ಪಾಯಿಂಟ್ ಓದುಗ, ಮಣಿಪಾಲ

ಮುಂದಿನ ತಿಂಗಳು ಉಡುಪಿಯಲ್ಲಿ ನಮ್ಮ ಓದು ಬಳಗದ ಸಂವಾದಕ್ಕೆ ಈ ವಿಷಯ ಇಟ್ಟಿದ್ದೇವೆ. ಟಿವಿಯವರ "ಕೆಂಪು ಗುಂಡಿ" ಮಾತು ಬೇಡ. ಬೇಕಾದದ್ದು ಇಷ್ಟು: ನಮ್ಮ ದೇಶದಲ್ಲಿ ಅಣ್ವಸ್ತ್ರ ಬಳಸಲು ಅಪ್ಪಣೆ ಕೊಡುವವರು ಯಾರು, ಯಾವ ಕಾಗದದ ಬಲದ ಮೇಲೆ? ಎಡವಟ್ಟಾದರೆ ಯಾರು ಯಾರಿಗೆ ಉತ್ತರ ಹೇಳಬೇಕು? ಗೊತ್ತಿದ್ದವರು ತಾರೀಕು, ಸೆಕ್ಷನ್ ಸಮೇತ ಬರೆಯಿರಿ. ದೇಶಭಕ್ತಿ-ದೇಶದ್ರೋಹದ ಜಗಳ ಬೇರೆ ಕಡೆ ಇಟ್ಟುಕೊಳ್ಳುವ ಮಾರಾಯ್ರೆ.

ಕುಂದಾಪ್ರ ವಕೀಲ

ಕಾಗದದಿಂದಲೇ ಸುರು ಮಾಡುವ. 2003ರ ಜನವರಿ 4ರಂದು ಭದ್ರತೆ ಕುರಿತ ಸಂಪುಟ ಸಮಿತಿ ಸೇರಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ನಮ್ಮ ನಿಮ್ಮ ಕೈಗೆ ಸಿಗುವ ಮೂಲ ದಾಖಲೆ ಅದೇ. ಪರಮಾಣು ಕಮಾಂಡ್ ಪ್ರಾಧಿಕಾರ ಅಂತ ಒಂದು ವ್ಯವಸ್ಥೆ, ಅದರೊಳಗೆ ಎರಡು ಮಂಡಳಿ. ರಾಜಕೀಯ ಮಂಡಳಿಗೆ ಪ್ರಧಾನಿ ಅಧ್ಯಕ್ಷರು; ಅಣ್ವಸ್ತ್ರ ಬಳಕೆಗೆ ಅಪ್ಪಣೆ ಕೊಡುವ ಅಧಿಕಾರ ಆ ಮಂಡಳಿಗೆ ಮಾತ್ರ. ಕಾರ್ಯಕಾರಿ ಮಂಡಳಿಗೆ ರಾಷ್ಟ್ರೀಯ ಭದ್ರತಾ ಸಲಹೆಗಾರರು ಅಧ್ಯಕ್ಷರು. ಸಲಹೆ ಕೊಡುವುದು, ಬಂದ ಆದೇಶ ಜಾರಿ ಮಾಡುವುದು ಅದರ ಕೆಲಸ. ಅಸ್ತ್ರಗಳ ಉಸ್ತುವಾರಿಗೆ ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್. ಅದಕ್ಕೆ ಮೊದಲು ನೇಮಕವಾದವರು ಏರ್ ಮಾರ್ಷಲ್ ಟಿ. ಎಂ. ಅಸ್ತಾನಾ.

ಈಗ ನೋಡಿ, ಅದರಲ್ಲಿ ಇಲ್ಲದ್ದು ಎಂತ? ರಾಜಕೀಯ ಮಂಡಳಿಯ ಸದಸ್ಯರ ಪಟ್ಟಿ ಇಲ್ಲ. ಕೋರಂ ಎಷ್ಟು, ಒಬ್ಬರು ಒಪ್ಪದಿದ್ದರೆ ಮುಂದೆ ಹೇಗೆ ಅಂತ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಸಂಸತ್ತು ಮಾಡಿದ ಕಾನೂನಲ್ಲ. ಸಂಪುಟ ಸಮಿತಿಯ ತೀರ್ಮಾನ. ನಾಳೆ ಇನ್ನೊಂದು ಸಂಪುಟ ಸಮಿತಿ ಕುಳಿತು ಬದಲಾಯಿಸಿದರೆ ಸದನಕ್ಕೆ ತಿಳಿಸಲೇಬೇಕು ಎಂಬ ನಿಯಮವೂ ಇಲ್ಲ.

ಕಾರ್‌ಸ್ಟ್ರೀಟ್ ರೈ

ಸಂವಿಧಾನದ 53(2)ನೇ ವಿಧಿಯಲ್ಲಿ ಸೇನೆಯ ಪರಮಾಧಿಕಾರ ರಾಷ್ಟ್ರಪತಿಗೆ ಉಂಟಲ್ಲ? ಅವರು ಎಲ್ಲಿ ಬರುತ್ತಾರೆ ಇದರಲ್ಲಿ?

ಕುಂದಾಪ್ರ ವಕೀಲ

ಎಲ್ಲಿಯೂ ಬರುವುದಿಲ್ಲ ರೈಗಳೇ. ಅದೇ ಉಪವಿಧಿ "ಕಾನೂನಿನ ಪ್ರಕಾರ ನಡೆಯತಕ್ಕದ್ದು" ಅನ್ನುತ್ತದೆ, 74ನೇ ವಿಧಿ ಮಂತ್ರಿಮಂಡಲದ ಸಲಹೆಗೆ ಕಟ್ಟಿಹಾಕುತ್ತದೆ. ಆದರೆ 75(3) ನೆನಪಿಟ್ಟುಕೊಳ್ಳಿ: ಮಂತ್ರಿಮಂಡಲ ಸಾಮೂಹಿಕವಾಗಿ ಲೋಕಸಭೆಗೆ ಹೊಣೆ. ಉತ್ತರದಾಯಿತ್ವದ ಕೊಂಡಿ ಇರುವುದು ಅಲ್ಲಿ ಮಾತ್ರ.

ಪಣಂಬೂರು ಪಡುವಣ

ಕಾನೂನು ಇದ್ದರೆ ಹಿಡಿತ ಬಂತು ಅಂತ ಅಲ್ಲ ವಕೀಲರೇ. ಪಾಕಿಸ್ತಾನದಲ್ಲಿ 2010ರ ನ್ಯಾಷನಲ್ ಕಮಾಂಡ್ ಅಥಾರಿಟಿ ಕಾಯ್ದೆ ಉಂಟು, ಪ್ರಧಾನಿಯೇ ಅಧ್ಯಕ್ಷರು ಅಂತ ಬರೆದುಂಟು. ದಿನನಿತ್ಯದ ಕಾರುಬಾರು ಮಾತ್ರ ಸೇನೆಯ ಲೆಫ್ಟಿನೆಂಟ್ ಜನರಲ್ ನಡೆಸುವ ಸ್ಟ್ರಾಟೆಜಿಕ್ ಪ್ಲಾನ್ಸ್ ಡಿವಿಷನ್ನಿನದ್ದು. ನಮ್ಮಲ್ಲಿ ಕಾಯ್ದೆ ಇಲ್ಲದಿದ್ದರೂ ನಾಗರಿಕ ಹಿಡಿತ ಅಸಲಿ. ಅದು ಹೇಗೆ ಬಂತೆಂದರೆ ವಸ್ತುವನ್ನೇ ಪಾಲು ಮಾಡಿ ಇಟ್ಟದ್ದರಿಂದ. ಸಿಡಿತಲೆಯ ಉಸ್ತುವಾರಿ ಪರಮಾಣು ಇಲಾಖೆಯ ಕೈಯಲ್ಲಿ, ಕ್ಷಿಪಣಿ-ವಿಮಾನ ಸೇನೆಯ ಕೈಯಲ್ಲಿ. ಎರಡನ್ನೂ ಒಂದು ಮಾಡಲು ಮೇಲಿನಿಂದ ಅಪ್ಪಣೆ ಬರಬೇಕು. ಕೆಳಗಿನ ಅಧಿಕಾರಿಗೆ ತಲೆ ಕೆಟ್ಟರೂ ಅವನ ಕೈಯಲ್ಲಿ ಪೂರ್ತಿ ಅಸ್ತ್ರವೇ ಇರುವುದಿಲ್ಲ.

ಆ ಪದ್ಧತಿ ಈಗ ಸಡಿಲವಾಗುತ್ತಿದೆ, ಕಾರಣ ಎರಡು. ಅಗ್ನಿ-5 ಕ್ಯಾನಿಸ್ಟರಿನೊಳಗೆ ಮುಚ್ಚಿಟ್ಟು ಸಾಗಿಸುವ ಕ್ಷಿಪಣಿ. ಕ್ಯಾನಿಸ್ಟರಿನ ಲಾಭವೇ ತಯಾರಿಯ ಹೊತ್ತು ಉಳಿಸುವುದು. ಸಿಡಿತಲೆ ಬೇರೆ ಇಟ್ಟರೆ ಆ ಲಾಭ ಹೋಯಿತು. ಇನ್ನೊಂದು ಅರಿಹಂತ್, ಅಣ್ವಸ್ತ್ರ ಕ್ಷಿಪಣಿ ಹೊರುವ ನಮ್ಮ ಜಲಾಂತರ್ಗಾಮಿ. 2018ರ ನವೆಂಬರ್ 5ರಂದು ಅದು ಮೊದಲ ಪ್ರತಿರೋಧ ಗಸ್ತು ಮುಗಿಸಿದ್ದನ್ನು ಪ್ರಧಾನಿಯೇ ಘೋಷಿಸಿದರು. 2024ರ ಆಗಸ್ಟ್ 29ಕ್ಕೆ ಅದೇ ಜಾತಿಯ ಅರಿಘಾತ್ ನೌಕಾಪಡೆಗೆ ಸೇರಿತು. ಸಮುದ್ರದಡಿ ಗಸ್ತಿಗೆ ಹೋದ ಹಡಗಿಗೆ ಸಿಡಿತಲೆ ಆಮೇಲೆ ಕಳಿಸುತ್ತೇನೆ ಅನ್ನಲಿಕ್ಕೆ ಆಗುತ್ತದಾ? ಹಾಗಾಗಿ ಅಲ್ಲಿ ಹಿಡಿತ ಉಳಿಯುವುದು ಕೋಡಿನಲ್ಲಿ, ಸಂಪರ್ಕದಲ್ಲಿ, ಒಳಗಿನ ಇಬ್ಬರು-ಮೂವರ ಶಿಸ್ತಿನಲ್ಲಿ. ನೀರಿನಡಿಗೆ ಸಾಮಾನ್ಯ ರೇಡಿಯೊ ತಲುಪುವುದಿಲ್ಲ. ಅತಿ ಕಡಿಮೆ ಆವರ್ತನದ (ವಿಎಲ್ಎಫ್) ಪ್ರಸಾರ ಬೇಕು, ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಐಎನ್ಎಸ್ ಕಟ್ಟಬೊಮ್ಮನ್‌ನಲ್ಲಿ ಅಂಥ ಕೇಂದ್ರ ಉಂಟು. ಅದೂ ಒಮ್ಮುಖ. ಹಡಗು ಕೇಳಿಸಿಕೊಳ್ಳಬಹುದು, ಉತ್ತರ ಕೊಡಬೇಕಾದರೆ ಬೇರೆ ದಾರಿ ಹಿಡಿಯಬೇಕು, ತಾನಿರುವ ಜಾಗ ಬಯಲಾಗುವ ಅಪಾಯ ಹೊರಬೇಕು.

ಎಂಡ್‌ಪಾಯಿಂಟ್ ಓದುಗ, ಮಣಿಪಾಲ

ಅಮೆರಿಕದ್ದು ಇದಕ್ಕಿಂತ ಬಿಗಿಯಾ?

ಪಣಂಬೂರು ಪಡುವಣ

ಕೆಳಗೆ ಬಿಗಿ, ತುದಿಯಲ್ಲಿ ಸಡಿಲ. ಅಧ್ಯಕ್ಷರು ಪೆಂಟಗನ್ನಿನ ಕಮಾಂಡ್ ಕೇಂದ್ರಕ್ಕೆ ಮಾತಾಡುತ್ತಾರೆ. ಅಲ್ಲಿಯ ಅಧಿಕಾರಿ ಸವಾಲಿನ ಅಕ್ಷರ ಹೇಳಿದರೆ ಅಧ್ಯಕ್ಷರು ಕಿಸೆಯ ಕಾರ್ಡು ನೋಡಿ ಉತ್ತರದ ಅಕ್ಷರ ಹೇಳಬೇಕು. ಹೊಂದಿದರೆ ಆದೇಶ ಗೂಢಲಿಪಿಯಲ್ಲಿ ಹೊರಡುತ್ತದೆ. ನೆಲದಡಿಯ ಕೇಂದ್ರದಲ್ಲಿ ಇಬ್ಬರು ಅಧಿಕಾರಿಗಳು ಎರಡು ಬೀಗದ ತಿಜೋರಿ ತೆಗೆದು, ಬಂದ ಕೋಡನ್ನು ಒಳಗಿನದ್ದಕ್ಕೆ ತಾಳೆ ಹಾಕಿ, ಇಬ್ಬರೂ ಒಟ್ಟಿಗೆ ಕೀ ತಿರುಗಿಸಬೇಕು. ಒಂದು ಕೇಂದ್ರ ತಿರುಗಿಸಿದರೆ ಸಾಲದು, ಇನ್ನೊಂದು ಕೇಂದ್ರದ "ಮತ"ವೂ ಬೀಳಬೇಕು. ಆದರೆ ಅಧ್ಯಕ್ಷರ ಅಪ್ಪಣೆಗೆ ಎರಡನೇ ಸಹಿ ಇಲ್ಲ. ಕಾರ್ಡು ನೋಡುವುದು ಮಾತಾಡಿದ್ದು ಅಧ್ಯಕ್ಷರೇ ಹೌದಾ ಅಂತ ತಿಳಿಯಲಿಕ್ಕೆ. ಆದೇಶ ಸರಿಯಾ ಅಂತ ನೋಡಲಿಕ್ಕಲ್ಲ. ರಕ್ಷಣಾ ಕಾರ್ಯದರ್ಶಿಗೂ (ಅಂದರೆ ಅಲ್ಲಿಯ ರಕ್ಷಣಾ ಮಂತ್ರಿಗೂ) ತಡೆಯುವ ಅಧಿಕಾರ ಇಲ್ಲ. 1973ರಲ್ಲಿ ಮೇಜರ್ ಹೆರಾಲ್ಡ್ ಹೆರಿಂಗ್ ತರಬೇತಿಯಲ್ಲಿ "ನನಗೆ ಬಂದ ಆದೇಶ ಮತಿ ಸರಿ ಇರುವ ಅಧ್ಯಕ್ಷರದ್ದೇ ಅಂತ ಹೇಗೆ ತಿಳಿಯುವುದು" ಎಂಬ ಅರ್ಥದ ಪ್ರಶ್ನೆ ಕೇಳಿದರು. ಕೆಲಸ ಹೋಯಿತು.

ಆ ಒಂದು ವಿಚಾರದಲ್ಲಿ ನಮ್ಮ 2003ರ ಕಾಗದ ವಾಸಿ. ಅಪ್ಪಣೆ ಕೊಡುವುದು ಮಂಡಳಿ ಅಂತ ಬರೆದುಂಟು, ವ್ಯಕ್ತಿ ಅಂತ ಅಲ್ಲ.

ಬಿಜೈ ಟೀಚರ್

ಮಂಡಳಿ ಅಂತ ಬರೆದ ಮಾತ್ರಕ್ಕೆ ಮಂಡಳಿ ಕುಳಿತೀತು ಅಂತ ನಂಬಲು ನಮ್ಮ ಇತಿಹಾಸ ಬಿಡುವುದಿಲ್ಲ. 1974ರ ಮೇ 18ರ ಸ್ಫೋಟದ ತೀರ್ಮಾನ ಇಂದಿರಾ ಗಾಂಧಿ, ಇಬ್ಬರು-ಮೂವರು ಅಧಿಕಾರಿಗಳು, ರಾಜಾ ರಾಮಣ್ಣ-ಸೇತ್ನಾರಂಥ ವಿಜ್ಞಾನಿಗಳ ನಡುವೆ ಆದದ್ದು. ರಕ್ಷಣಾ ಮಂತ್ರಿ ಜಗಜೀವನ್ ರಾಮ್ ಆ ಕೂಟದಲ್ಲಿ ಇರಲಿಲ್ಲ. 1998ರಲ್ಲಿ ರಕ್ಷಣಾ ಮಂತ್ರಿ ನಮ್ಮ ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್. ಅವರಿಗೂ ವಿಷಯ ತಿಳಿಸಿದ್ದು ಎಲ್ಲ ನಿಶ್ಚಯವಾಗಿ ತಯಾರಿ ಮುಗಿಯುತ್ತ ಬಂದ ಮೇಲೆ. ಸಂಸತ್ತಿಗೆ ವಾಜಪೇಯಿಯವರ ಹೇಳಿಕೆ ಬಂದದ್ದು ಮೇ 27ಕ್ಕೆ, ಪರೀಕ್ಷೆಗಳು ಮೇ 11 ಮತ್ತು 13ಕ್ಕೆ ಆಗಿಹೋಗಿದ್ದವು.

ಪರೀಕ್ಷೆಗೆ ಗುಟ್ಟು ಬೇಕಿತ್ತು ಅನ್ನಿ, ಒಪ್ಪುವ. 1995ರ ಡಿಸೆಂಬರಿನಲ್ಲಿ ಪೋಖರಣ್ ತಯಾರಿಯನ್ನು ಅಮೆರಿಕದ ಉಪಗ್ರಹ ಹಿಡಿದ ಮೇಲೆ ನರಸಿಂಹ ರಾಯರು ಕೈಬಿಡಬೇಕಾಯಿತು. ಆದರೆ ನೀತಿಗೆ ಎಂತದ್ದಕ್ಕೆ ಗುಟ್ಟು? "ಮೊದಲು ಬಳಸುವುದಿಲ್ಲ" ಎಂಬುದು 2003ರ ಪ್ರಕಟಣೆಯ ಮುಖ್ಯ ಮಾತು. 2016ರ ನವೆಂಬರಿನಲ್ಲಿ ಒಂದು ಪುಸ್ತಕ ಬಿಡುಗಡೆ ಸಭೆಯಲ್ಲಿ ಮನೋಹರ್ ಪರಿಕ್ಕರ್ "ನಾನು ಯಾಕೆ ನನ್ನನ್ನು ಕಟ್ಟಿಹಾಕಿಕೊಳ್ಳಲಿ" ಎಂಬಂತೆ ಮಾತಾಡಿ, ವೈಯಕ್ತಿಕ ಅಭಿಪ್ರಾಯ ಅಂದರು. 2019ರ ಆಗಸ್ಟ್ 16ಕ್ಕೆ ಪೋಖರಣ್‌ನಲ್ಲಿ ರಾಜನಾಥ್ ಸಿಂಗ್, ಮುಂದೆ ಏನು ಎಂಬುದು ಪರಿಸ್ಥಿತಿಯ ಮೇಲೆ ಅಂದರು, ಟ್ವೀಟೂ ಮಾಡಿದರು. ಇಬ್ಬರೂ ಆಗ ರಕ್ಷಣಾ ಮಂತ್ರಿಗಳು. ಇಂಥ ನೀತಿ ಬದಲಾಗುವುದಿದ್ದರೆ ಅದು ಗೊತ್ತಾಗಬೇಕಾದದ್ದು ಸದನದಲ್ಲಿ. ಪುಸ್ತಕ ಬಿಡುಗಡೆ ಸಭೆಯಲ್ಲೂ ಅಲ್ಲ, ಟ್ವೀಟಿನಲ್ಲೂ ಅಲ್ಲ.

ಪಾಂಡೇಶ್ವರ ಲೆಕ್ಕಿಗ

ಇಲ್ಲಿಯವರೆಗೆ ಎಲ್ಲರೂ ಕೀಲಿಯ ಬಗ್ಗೆಯೇ ಬರೆದಿರಿ. ಬ್ಯಾಂಕಿನ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಸ್ಟ್ರಾಂಗ್‌ ರೂಮಿಗೆ ಇಬ್ಬರ ಕೀ ಇರುವುದು ಒಂದು ವ್ಯವಸ್ಥೆ, ಹೇಳದೆ ಕೇಳದೆ ಇನ್‌ಸ್ಪೆಕ್ಷನ್ನಿನವರು ಬಂದು ಕ್ಯಾಶ್ ಎಣಿಸುವುದು ಬೇರೆಯೇ ವ್ಯವಸ್ಥೆ. ಮೊದಲನೆಯದ್ದು ಹಿಡಿತ, ಎರಡನೆಯದ್ದು ಲೆಕ್ಕ. ಅಣ್ವಸ್ತ್ರದಲ್ಲಿ ನಮಗೆ ಮೊದಲನೆಯದ್ದು ಉಂಟು. ಎರಡನೆಯದ್ದಕ್ಕೆ ಏನಾಯಿತು ನೋಡಿ.

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರ ನವೆಂಬರ್ 15ಕ್ಕೆ ಹುಟ್ಟಿದ್ದು ಸರಕಾರಿ ಆದೇಶದಿಂದ. ವರದಿ ಒಪ್ಪಿಸುತ್ತಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಪರಮಾಣು ಇಲಾಖೆಯ ಕಾರ್ಯದರ್ಶಿ. ತಪಾಸಣೆ ಮಾಡುವವನು ತಪಾಸಣೆಗೆ ಒಳಗಾಗುವವನ ಕೈಕೆಳಗೆ. 1995ರಲ್ಲಿ ಎ. ಗೋಪಾಲಕೃಷ್ಣನ್ ಮಂಡಳಿಯ ಅಧ್ಯಕ್ಷರಾಗಿದ್ದಾಗ ಇಲಾಖೆಯ ಸ್ಥಾವರಗಳಲ್ಲಿ 130 ಸುರಕ್ಷತಾ ಲೋಪಗಳನ್ನು ಪಟ್ಟಿ ಮಾಡಿದ ವರದಿ ತಯಾರಾಯಿತು. ಅದನ್ನು ಬಹಿರಂಗ ಮಾಡಿ ಅಂತ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಕೋರ್ಟಿಗೆ ಹೋಯಿತು. ವಿಷಯ ಸುಪ್ರೀಂ ಕೋರ್ಟಿಗೆ ಮುಟ್ಟಿ, 2004ರ ಜನವರಿಯಲ್ಲಿ ತೀರ್ಪು ಬಂತು. 1962ರ ಪರಮಾಣು ಶಕ್ತಿ ಕಾಯ್ದೆಯ 18ನೇ ಸೆಕ್ಷನ್ ಸಿಂಧು, ವರದಿ ಗುಟ್ಟಾಗಿಯೇ ಇರಲಿ ಅಂತ. ಅದಕ್ಕೂ ಮೊದಲೇ, 2000ದಲ್ಲಿ, ಅಸ್ತ್ರದ ಕೆಲಸ ನಡೆಯುವ ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವನ್ನು ಮಂಡಳಿಯ ವ್ಯಾಪ್ತಿಯಿಂದಲೇ ಹೊರಗೆ ತೆಗೆದರು. ಅಲ್ಲಿಯ ಸುರಕ್ಷತೆಯನ್ನು ಅಲ್ಲಿಯವರೇ ನೋಡಿಕೊಳ್ಳುವ ಏರ್ಪಾಡು.

2012ರಲ್ಲಿ ಸರಕಾರದ ಲೆಕ್ಕ ತಪಾಸಿಸುವ ಸಿಎಜಿ ಈ ಮಂಡಳಿಗೆ ಶಾಸನದ ಬಲವೇ ಇಲ್ಲ ಅಂತ ಬರೆಯಿತು. 2011ರ ಪರಮಾಣು ಸುರಕ್ಷತಾ ಪ್ರಾಧಿಕಾರ ಮಸೂದೆ 15ನೇ ಲೋಕಸಭೆಯೊಟ್ಟಿಗೆ ಬಿದ್ದುಹೋಯಿತು. 2025ರ ಡಿಸೆಂಬರಿನಲ್ಲಿ ಬಂದ, ಶಾಂತಿ (SHANTI) ಎಂದು ಚುಟುಕಾಗಿ ಕರೆಯುವ ಹೊಸ ಪರಮಾಣು ಶಕ್ತಿ ಕಾಯ್ದೆ 1962ರದ್ದನ್ನು ರದ್ದು ಮಾಡಿ, ಮಂಡಳಿಗೆ ಶಾಸನಬದ್ಧ ಸ್ಥಾನ ಕೊಟ್ಟಿತು. ಆದರೆ ಮಾಹಿತಿಯನ್ನು ನಿರ್ಬಂಧಿತ ಅಂತ ಸಾರುವ ಅಧಿಕಾರ ಸರಕಾರದ ಕೈಯಲ್ಲೇ ಉಳಿದಿದೆ. ಕೈಗಾದಲ್ಲಿ ಕರೆಂಟು ಮಾಡುವ ರಿಯಾಕ್ಟರಿಗೆ ಇದರಿಂದ ಲಾಭ ಆದೀತು. ಅಸ್ತ್ರದ ಬದಿಗೆ ನನಗೇನೂ ಕಾಣುವುದಿಲ್ಲ.

ಪಣಂಬೂರು ಪಡುವಣ

ಲೆಕ್ಕಿಗರೇ, ಎಷ್ಟು ಸಿಡಿತಲೆ, ಎಲ್ಲಿ ಇಟ್ಟಿದ್ದಾರೆ ಅಂತ ಆಡಿಟ್ ಮಾಡಿ ಪ್ರಿಂಟು ಹಾಕಲಿಕ್ಕೆ ಆಗುತ್ತದಾ? ಮೊದಲು ಬಳಸುವುದಿಲ್ಲ ಅನ್ನುವ ದೇಶಕ್ಕೆ ಉಳಿವೇ ಅಡಗಿಸಿಡುವುದರಲ್ಲಿ ಉಂಟು. ಮೊದಲ ಪೆಟ್ಟು ತಿಂದು ಉಳಿದದ್ದರಲ್ಲಿ ಹೊಡೆಯಬೇಕು.

ಪಾಂಡೇಶ್ವರ ಲೆಕ್ಕಿಗ

ಎಲ್ಲಿ, ಎಷ್ಟು, ಯಾವಾಗ ಎಂಬುದು ಗುಟ್ಟಾಗಿರಲಿ. ಕೆಲಸಗಾರನಿಗೆ ಎಷ್ಟು ವಿಕಿರಣ ತಾಗಿತು, ಎಷ್ಟು ದುಡ್ಡು ಹೋಯಿತು, ಯಾವ ಅವಘಡಕ್ಕೆ ಯಾರನ್ನು ಮನೆಗೆ ಕಳಿಸಿದರು ಎಂಬುದು ಯಾಕೆ ಗುಟ್ಟು? ಎರಡನ್ನೂ ಒಂದೇ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ್ದಕ್ಕೆ ನನ್ನ ತಕರಾರು.

ಕಾರ್‌ಸ್ಟ್ರೀಟ್ ರೈ

ಅವಘಡ ಅಂದರೆ? ಅಣ್ವಸ್ತ್ರದಲ್ಲಿ ನಿಜವಾಗಿ ಎಂತ ತಪ್ಪುತ್ತದೆ, ಒಂದು ಉದಾಹರಣೆ ಹೇಳಿ. ಸಿನಿಮಾದ್ದು ಬೇಡ.

ಪಣಂಬೂರು ಪಡುವಣ

2007ರ ಆಗಸ್ಟ್ 29-30, ಅಮೆರಿಕದ ಮೈನಾಟ್ ವಾಯುನೆಲೆ. ಹಳೆಯ ಕ್ರೂಸ್ ಕ್ಷಿಪಣಿಗಳನ್ನು ಲೂಸಿಯಾನಾದ ಬಾರ್ಕ್ಸ್‌ಡೇಲಿಗೆ ಸಾಗಿಸಬೇಕಿತ್ತು. ಒಂದೊಂದು ಪೈಲನ್ನಿನಲ್ಲಿ (ರೆಕ್ಕೆಯಡಿ ತೂಗುಹಾಕುವ ಚೌಕಟ್ಟು) ಆರು ಕ್ಷಿಪಣಿ, ಸಿಡಿತಲೆ ತೆಗೆದು ಡಮ್ಮಿ ಹಾಕಿರಬೇಕು. ಕಳಿಸಬೇಕಾದ ಪೈಲನ್ನಿನ ಕ್ರಮ ಮೊದಲೇ ಬದಲಾಗಿತ್ತು, ಉಗ್ರಾಣದಲ್ಲಿ ಪಟ್ಟಿ ಮತ್ತು ವಸ್ತು ತಾಳೆಯಾಗಲಿಲ್ಲ. ಎಳೆದು ತಂದವರು ಕ್ಷಿಪಣಿಯ ಸಣ್ಣ ಕಿಂಡಿಯಲ್ಲಿ ಟಾರ್ಚು ಬಿಟ್ಟು ನೋಡಲಿಲ್ಲ. ವಿಮಾನದವರು ಒಂದು ಬದಿಯ ರೆಕ್ಕೆಯದ್ದು ಮಾತ್ರ ನೋಡಿದರು, ಅದು ಡಮ್ಮಿಯ ಬದಿ. ಇನ್ನೊಂದು ರೆಕ್ಕೆಯಡಿ ಆರು ನಿಜವಾದ ಸಿಡಿತಲೆ. ರಾತ್ರಿಯಿಡೀ ವಿಮಾನ ವಿಶೇಷ ಕಾವಲಿಲ್ಲದೆ ನಿಂತಿತ್ತು, ಮರುದಿನ ಅರ್ಧ ದೇಶ ದಾಟಿ ಹಾರಿತು. ಬಾರ್ಕ್ಸ್‌ಡೇಲಿನಲ್ಲಿ ಇಳಿಸುವವರ ಕಣ್ಣಿಗೆ ಬೀಳುವಾಗ ಸುಮಾರು 36 ಗಂಟೆ ಕಳೆದಿತ್ತು. ಅಷ್ಟು ಹೊತ್ತು ಆರು ಸಿಡಿತಲೆ ಕಾಣೆಯಾಗಿವೆ ಅಂತ ಯಾರಿಗೂ ತಿಳಿದಿರಲಿಲ್ಲ.

ಕೋಡು, ಕೀಲಿ ಎಲ್ಲ ಸರಿ ಇತ್ತು. ತಪ್ಪಿದ್ದು ಗೋಡೌನಿನ ಕೆಲಸ. ದಿನಾ ಅದೇ ಚೆಕ್‌ಲಿಸ್ಟು ಟಿಕ್ ಹಾಕಿ ಹಾಕಿ, ಮುಂಚಿನವನು ನೋಡಿರುತ್ತಾನೆ ಅಂತ ಆಮೇಲಿನವನು ಬಿಟ್ಟದ್ದು.

ಬಿಜೈ ಟೀಚರ್

ಆಮೇಲೆ ಆದದ್ದನ್ನೂ ಹೇಳಿ. 2008ರ ಮಾರ್ಚಿನಲ್ಲಿ ಇನ್ನೊಂದು ಹೊರಬಿತ್ತು: ಹೆಲಿಕಾಪ್ಟರ್ ಬ್ಯಾಟರಿ ಅಂತ ತೈವಾನಿಗೆ ಕಳಿಸಿದ ಪೆಟ್ಟಿಗೆಯಲ್ಲಿ ಅಣ್ವಸ್ತ್ರ ಹೊರುವ ಮಿನಿಟ್‌ಮ್ಯಾನ್ ಕ್ಷಿಪಣಿಯ ಮೂತಿಯ ಬಿಡಿಭಾಗಗಳಿದ್ದವು. ಜೂನ್ 5ಕ್ಕೆ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ವಾಯುಪಡೆಯ ನಾಗರಿಕ ಮುಖ್ಯಸ್ಥ ಮೈಕೆಲ್ ವಿನ್, ಸೇನಾ ಮುಖ್ಯಸ್ಥ ಜನರಲ್ ಮೋಸ್ಲಿ ಇಬ್ಬರ ರಾಜೀನಾಮೆಯನ್ನೂ ಪಡೆದರು. ಲೆಕ್ಕ ಕೊಡುವುದು ಅಂದರೆ ಅದು. ತಲೆ ಹೋದದ್ದು ಟಾರ್ಚು ಬಿಡದ ಹುಡುಗನದ್ದು ಮಾತ್ರ ಅಲ್ಲ.

ಬ್ರಿಟನ್ನಿನಿಂದ ಒಳ್ಳೆಯದು, ಕೆಟ್ಟದು ಎರಡೂ ಸಿಗುತ್ತದೆ. 2016ರ ಜುಲೈ 18ರಂದು ಅವರ ಅಣ್ವಸ್ತ್ರ ಕ್ಷಿಪಣಿ ಟ್ರೈಡೆಂಟಿಗೆ ನಾಲ್ಕು ಹೊಸ ಜಲಾಂತರ್ಗಾಮಿ ಬೇಕಾ ಅಂತ ಸಂಸತ್ತಿನಲ್ಲಿ ಮತಕ್ಕೆ ಹಾಕಿದರು. 472 ಪರ, 117 ವಿರೋಧ. ಖರ್ಚು 31 ಬಿಲಿಯನ್ ಪೌಂಡ್, ಮೇಲೆ 10 ಬಿಲಿಯನ್ ಮೀಸಲು, ಎಲ್ಲ ಮೇಜಿನ ಮೇಲೆ. ಆದರೆ ಮತಕ್ಕೆ ಮೊದಲೇ, ಅದೇ ವರ್ಷದ ಜೂನಿನಲ್ಲಿ, ಫ್ಲೋರಿಡಾದ ಕಡಲಿನಲ್ಲಿ ಟ್ರೈಡೆಂಟ್ ಪರೀಕ್ಷೆ ಹದ ತಪ್ಪಿತ್ತು, ಮತ ಹಾಕಿದವರಿಗೆ ಅದನ್ನು ಹೇಳಿರಲಿಲ್ಲ. ಹೊರಬಂದದ್ದು 2017ರ ಜನವರಿಯಲ್ಲಿ, ಪತ್ರಿಕೆಯಿಂದ. 2024ರ ಜನವರಿಯಲ್ಲಿ ಇನ್ನೊಂದು ಪರೀಕ್ಷೆ ವಿಫಲವಾದಾಗಲೂ ಸುದ್ದಿ ಮೊದಲು ಪತ್ರಿಕೆಯಲ್ಲೇ ಬಂತು, ಆದರೆ ಮಂತ್ರಿ ಲಿಖಿತ ಹೇಳಿಕೆ ಕೊಟ್ಟು ಒಪ್ಪಿಕೊಂಡರು.

ಕುಂದಾಪ್ರ ವಕೀಲ

ನಮ್ಮಲ್ಲಿ ಹತ್ತಿರದ್ದು 2022ರ ಮಾರ್ಚ್ 9ರಂದು ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿದ್ದು. ಸಿಡಿತಲೆ ಅಣ್ವಸ್ತ್ರದ್ದಲ್ಲ, ಆದರೆ ಪಾಠ ಅದೇ. ಪಾಕಿಸ್ತಾನದೊಳಗೆ ಮಿಯಾನ್ ಚನ್ನು ಹತ್ತಿರ ಬಿತ್ತು. ಮರುದಿನ ಅವರ ಸೇನಾ ವಕ್ತಾರರು ಮಾತಾಡಿದರು, ನಮ್ಮ ರಕ್ಷಣಾ ಸಚಿವಾಲಯ ಬಾಯಿ ಬಿಟ್ಟದ್ದು 11ಕ್ಕೆ: ನಿರ್ವಹಣೆ ವೇಳೆ ತಾಂತ್ರಿಕ ದೋಷ. 15ಕ್ಕೆ ರಾಜನಾಥ್ ಸಿಂಗ್ ಸದನದಲ್ಲಿ ಹೇಳಿಕೆ ಕೊಟ್ಟರು. ಆಗಸ್ಟ್ 23ಕ್ಕೆ ಮೂವರು ಅಧಿಕಾರಿಗಳ ವಜಾ. ಕಾರಣ ಕಾರ್ಯವಿಧಾನ ಮೀರಿದ್ದು. ಕ್ಷಿಪಣಿಯ ಕನೆಕ್ಟರು ಜಂಕ್ಷನ್ ಬಾಕ್ಸಿಗೆ ಸಿಕ್ಕಿಸಿದಂತೆಯೇ ಇತ್ತು ಎಂಬ ವಿವರ ಹೊರಬಂದದ್ದು ಸಂಸತ್ತಿನಿಂದಲ್ಲ, ವಜಾ ಪ್ರಶ್ನಿಸಿದ ಅಧಿಕಾರಿಯ ಕೇಸಿನಲ್ಲಿ ದೆಹಲಿ ಹೈಕೋರ್ಟಿಗೆ ಸರಕಾರ ಕೊಟ್ಟ ಉತ್ತರದಿಂದ. ಅವರು ಸುಮ್ಮನಿದ್ದಿದ್ದರೆ ನಮಗೆ ಅದೂ ಸಿಗುತ್ತಿರಲಿಲ್ಲ.

2007ರ ಫೆಬ್ರವರಿ 21ರ ಭಾರತ-ಪಾಕ್ ಒಪ್ಪಂದದಲ್ಲಿ, ವಿಕಿರಣ ಹರಡುವ ಇಲ್ಲವೇ ಅಣುಯುದ್ಧಕ್ಕೆ ಎಡೆಯಾಗುವ ಅಪಾಯದ ಅಣ್ವಸ್ತ್ರ ಅವಘಡವಾದರೆ ನಾವು ಪಾಕಿಸ್ತಾನಕ್ಕೆ ಕೂಡಲೇ ತಿಳಿಸಬೇಕು ಅಂತ ಬರೆದುಂಟು. ನಮ್ಮದೇ ಲೋಕಸಭೆಗೆ ತಿಳಿಸಬೇಕು ಅಂತ ಎಲ್ಲಿಯೂ ಇಲ್ಲ!

ಕಾರ್‌ಸ್ಟ್ರೀಟ್ ರೈ

ಅಬ್ಬ. ಇದು ಸಂವಾದದಲ್ಲಿ ಹೇಳಲೇಬೇಕು.

ಇನ್ನೊಂದು. ಪ್ರಧಾನಿಗೇ ಏನಾದರೂ ಆದರೆ?

ಬಿಜೈ ಟೀಚರ್

"ಪರ್ಯಾಯ ಆದೇಶ ಸರಪಳಿ"ಗೆ ಒಪ್ಪಿಗೆ ಕೊಟ್ಟಿದ್ದೇವೆ ಅಂತ 2003ರ ಪ್ರಕಟಣೆ ಹೇಳುತ್ತದೆ. ಯಾರು ಅಂತ ಹೇಳುವುದಿಲ್ಲ. ಸಂವಿಧಾನದಲ್ಲಿ ಹಂಗಾಮಿ ಪ್ರಧಾನಿ ಎಂಬ ಹುದ್ದೆಯೇ ಇಲ್ಲ. 1964, 1966ರಲ್ಲಿ ಗುಲ್ಜಾರಿಲಾಲ್ ನಂದಾ ಅವರು ಪ್ರಮಾಣವಚನ ತೆಗೆದುಕೊಂಡೇ ಕುಳಿತರು. 1984ರ ಅಕ್ಟೋಬರ್ 31ರ ಬೆಳಗ್ಗೆ ಇಂದಿರಾ ಮೇಲೆ ಗುಂಡು ಬಿದ್ದಾಗ ರಾಷ್ಟ್ರಪತಿ ಜೈಲ್ ಸಿಂಗ್ ಯೆಮೆನ್‌ನಲ್ಲಿ, ರಾಜೀವ್ ಮತ್ತು ಪ್ರಣಬ್ ಪಶ್ಚಿಮ ಬಂಗಾಳದಲ್ಲಿ. ಪ್ರಮಾಣವಚನ ಆಗುವಾಗ ಸಂಜೆ. 2009ರ ಜನವರಿ 24ರಂದು ಮನಮೋಹನ್ ಸಿಂಗ್ ಅವರಿಗೆ ಬೈಪಾಸ್ ಆದಾಗ ಪ್ರಣಬ್ ಸಂಪುಟ ಸಭೆ ನಡೆಸಿದರು, ಹಂಗಾಮಿ ಪ್ರಧಾನಿ ಅಂತ ಯಾರನ್ನೂ ಕರೆಯಲಿಲ್ಲ. ಅರಿವಳಿಕೆಯಲ್ಲಿದ್ದಷ್ಟು ಹೊತ್ತು ರಾಜಕೀಯ ಮಂಡಳಿಗೆ ಅಧ್ಯಕ್ಷರು ಯಾರು? ಅಮೆರಿಕದಲ್ಲಿ 2021ರ ನವೆಂಬರ್ 19ರಂದು ಬೈಡನ್ ಕೊಲೊನೋಸ್ಕೋಪಿಗೆ ಹೋಗುವಾಗ ಕಮಲಾ ಹ್ಯಾರಿಸ್‌ಗೆ ಪತ್ರ ಬರೆದು ಅಧಿಕಾರ ಕೊಟ್ಟರು, ಎದ್ದ ಮೇಲೆ ಪತ್ರ ಬರೆದು ಹಿಂದೆ ಪಡೆದರು. ಇದರಿಂದ ಶತ್ರುವಿಗೆ ಯಾವ ಗುಟ್ಟೂ ಸಿಗಲಿಲ್ಲ.

ಪಣಂಬೂರು ಪಡುವಣ

ಟೀಚರ್ ಹೇಳಿದ್ದರಲ್ಲಿ ಇದೊಂದನ್ನು ಪೂರ್ತಿ ಒಪ್ಪುತ್ತೇನೆ. ವಾರಸುದಾರಿಕೆಯ ಕ್ರಮ ಬಯಲಿಗೆ ಗೊತ್ತಿದ್ದರೆ ತಲೆ ಕಡಿದರೆ ಸಾಕು ಅನ್ನುವ ಶತ್ರುವಿನ ಆಸೆಯೇ ಕರಗುತ್ತದೆ. ಅವರೆಲ್ಲ ಯಾವ ಬಂಕರಿಗೆ ಹೋಗುತ್ತಾರೆ ಎಂಬುದು ಮಾತ್ರ ಬೇಡ.

ಎಂಡ್‌ಪಾಯಿಂಟ್ ಓದುಗ, ಮಣಿಪಾಲ

ಸರಿ. ಕಾಯ್ದೆ ಬರುವವರೆಗೆ ಇರುವ ದಾರಿಯಲ್ಲಿ ಎಂತ ಮಾಡಬಹುದು? ನಮ್ಮ ಎಂಪಿ ಮಾಡಬಹುದಾದದ್ದು, ನಾವು ಮಾಡಬಹುದಾದದ್ದು, ಎರಡನ್ನೂ ಬರೆಯಿರಿ.

ಕುಂದಾಪ್ರ ವಕೀಲ

ಎಂಪಿಯವರದ್ದು ಮೊದಲು. ಪರಮಾಣು ಖಾತೆ ನೆಹರೂ ಕಾಲದಿಂದ ಪ್ರಧಾನಿಯವರಲ್ಲೇ. ಉತ್ತರ ಕೊಡುವುದು ಅವರ ಕಚೇರಿಯ ರಾಜ್ಯ ಮಂತ್ರಿ. ಭದ್ರತಾ ಸಲಹೆಗಾರರು ಯಾವ ಸದನದ ಸದಸ್ಯರೂ ಆಗಿರಬೇಕಾಗಿಲ್ಲ, ಆ ಹುದ್ದೆಗೆ ಕಾನೂನೂ ಇಲ್ಲ, ಹಾಗಾಗಿ ಅವರನ್ನು ಸದನದಲ್ಲಿ ನಿಲ್ಲಿಸಿ ಕೇಳಲು ಬರುವುದಿಲ್ಲ. ಸಂಪುಟ ಸಮಿತಿಯ ರಚನೆ, ಚರ್ಚೆ ಕೇಳಿದರೆ ಲೋಕಸಭೆಯ 41ನೇ ನಿಯಮ ತೋರಿಸಿ ತಳ್ಳಿಹಾಕುತ್ತಾರೆ. ಆದ್ದರಿಂದ ಪ್ರಶ್ನೆ ಹೀಗಿರಬೇಕು: ಅಣ್ವಸ್ತ್ರ ಅವಘಡವನ್ನು ಸದನಕ್ಕೆ ತಿಳಿಸುವ ಕಾಲಮಿತಿ ಉಂಟೇ? ಭಾಭಾ ಕೇಂದ್ರದ ಸುರಕ್ಷತೆಗೆ ಹೊರಗಿನ ತಪಾಸಣೆ ಉಂಟೇ? ಹೌದು-ಇಲ್ಲ ಎಂಬ ಉತ್ತರಕ್ಕೆ ಗುಟ್ಟಿನ ನೆಪ ಕಷ್ಟ. ನಿಜಕ್ಕೂ ಗುಟ್ಟಾದದ್ದಿದ್ದರೆ 248ನೇ ನಿಯಮದಲ್ಲಿ ರಹಸ್ಯ ಅಧಿವೇಶನಕ್ಕೆ ಅವಕಾಶ ಉಂಟು, ಸದನದ ನಾಯಕರು ಕೋರಬೇಕು. ಇಷ್ಟು ವರ್ಷದಲ್ಲಿ ಒಮ್ಮೆಯೂ ಬಳಕೆಯಾಗಿಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ಕೇಳಿದಾಗಲೂ ನೆಹರೂ ಬೇಡ, ಬಯಲಲ್ಲೇ ಚರ್ಚಿಸುವ ಅಂದರು.

ನಮ್ಮದ್ದು ಮಾಹಿತಿ ಹಕ್ಕು. ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡನ್ನು 2016ರಲ್ಲಿ ಎರಡನೇ ಅನುಸೂಚಿಗೆ ಸೇರಿಸಿ ಕಾಯ್ದೆಯಿಂದ ಹೊರಗಿಟ್ಟರು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಮಾತ್ರ ಆ ಬೇಲಿ ದಾಟುತ್ತದೆ. ಅಲ್ಲಿಗೆ ಅರ್ಜಿ ಹಾಕಿ ಹತ್ತು ರೂಪಾಯಿ ಕಳೆಯಬೇಡಿ. ಪರಮಾಣು ಇಲಾಖೆ ಆ ಪಟ್ಟಿಯಲ್ಲಿಲ್ಲ, ಅಲ್ಲಿಗೆ ಹಾಕಿ. ಅವರು ದೇಶದ ಭದ್ರತೆಯ ಕಾರಣದ 8(1)(ಎ) ಸೆಕ್ಷನ್ ತೋರಿಸಿ ನಿರಾಕರಿಸುತ್ತಾರೆ. ಇಪ್ಪತ್ತು ವರ್ಷ ಕಳೆದರೆ ಕೊಡಬೇಕು ಎಂಬ 8(3) ಈ ಕಾರಣಕ್ಕೆ ಅನ್ವಯಿಸುವುದಿಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಹಿಡಿಯಬೇಕಾದದ್ದು 10ನೇ ಸೆಕ್ಷನ್: ಗುಟ್ಟಿನ ಭಾಗಕ್ಕೆ ಮಸಿ ಬಳಿದು ಉಳಿದದ್ದು ಕೊಡಿ ಅಂತ. ಜತೆಗೆ 8(2), ಸಾರ್ವಜನಿಕ ಹಿತ ದೊಡ್ಡದಾದರೆ ಅಧಿಕೃತ ರಹಸ್ಯ ಕಾಯ್ದೆಯನ್ನೂ ಮೀರಿ ಕೊಡಬಹುದು.

ಪಾಂಡೇಶ್ವರ ಲೆಕ್ಕಿಗ

ಅರ್ಜಿಯಲ್ಲಿ "ಅಣ್ವಸ್ತ್ರ" ಎಂಬ ಮಾತೇ ಬೇಡ. ಮೊದಲ ಅರ್ಜಿಗೆ ಒಂದೇ ವಿಷಯ: 2000ದ ಆದೇಶದ ನಂತರ ಭಾಭಾ ಕೇಂದ್ರದ ಸುರಕ್ಷತಾ ಸಮಿತಿ ವರ್ಷಕ್ಕೆ ಎಷ್ಟು ಸಭೆ ನಡೆಸಿತು, ಹೊರಗಿನ ಸದಸ್ಯರು ಎಷ್ಟು ಮಂದಿ. ಸಂಖ್ಯೆ ಮಾತ್ರ ಕೇಳಿ.

ಎಂಡ್‌ಪಾಯಿಂಟ್ ಓದುಗ, ಮಣಿಪಾಲ

30 ದಿನದಲ್ಲಿ ಉತ್ತರ ಬರದಿದ್ದರೆ?

ಕುಂದಾಪ್ರ ವಕೀಲ

ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ, ಶುಲ್ಕ ಇಲ್ಲ. ಅವರೂ ಇಲ್ಲ ಅಂದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ. ವಿಚಾರಣೆಗೆ ದೆಹಲಿಗೆ ಹೋಗಬೇಕಾಗಿಲ್ಲ, ವಿಡಿಯೊದಲ್ಲಿ ಹಾಜರಾಗಬಹುದು. ಮೊದಲ ಅರ್ಜಿಯ ನಕಲು, ಪೋಸ್ಟಿನ ರಸೀದಿ ಜೋಪಾನ.